ಡಿಎನ್‌ಎಯಲ್ಲಿ ಎಷ್ಟು ಮಾಹಿತಿ ಇದೆ? ಕ್ಲಾಡ್ ಶಾನನ್ ಕೊಟ್ಟ ಅಳತೆ, ಕೊಡದ ತೀರ್ಪು

ಚುನಾವಣೆ ಹತ್ತಿರ ಬಂತು ಅಂದ್ರೆ ಸಾಕು, ‘ಡಿಎನ್‌ಎ’ ಅನ್ನೋ ಪದ ಭಾಷಣದೊಳಗೆ ಬಂದು ಕೂರುತ್ತೆ. ಆ ಪಕ್ಷದ ಡಿಎನ್‌ಎಯಲ್ಲೇ ಭ್ರಷ್ಟಾಚಾರ ಇದೆ, ಈ ಸಮುದಾಯದ ಡಿಎನ್‌ಎಯಲ್ಲೇ ಶೌರ್ಯ ಇದೆ, ಅವರ ಡಿಎನ್‌ಎಯೇ ಸರಿ ಇಲ್ಲ. 2015ರ ಬಿಹಾರ ಚುನಾವಣೆಗೆ ಮುಂಚೆ ನಿತೀಶ್ ಕುಮಾರ್ ಅವರ ಡಿಎನ್‌ಎ ಬಗ್ಗೆ ನರೇಂದ್ರ ಮೋದಿ ಆಡಿದ ಮಾತು ಎಷ್ಟು ದೊಡ್ಡ ಗದ್ದಲವಾಯಿತು ಅಂದ್ರೆ, ಜೆಡಿಯು ಕಾರ್ಯಕರ್ತರು ತಮ್ಮ ಕೂದಲು, ಉಗುರುಗಳನ್ನ ಲಕೋಟೆಗೆ ಹಾಕಿ ದಿಲ್ಲಿಗೆ ಕಳಿಸುವ ಅಭಿಯಾನವನ್ನೇ ನಡೆಸಿದರು.

ಗಡಿಭಾಗದವರಿಗೆ ಈ ಮಾತು ಹೊಸದಲ್ಲ, ಪದ ಮಾತ್ರ ಹೊಸದು. ನಮ್ಮ ಉಗಾರ ಖುರ್ದದಂಥ ಊರಲ್ಲಿ ಒಂದೇ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತೆ. ದವಾಖಾನೆಗೆ ಮಿರಜ, ಕಚೇರಿ ಕೆಲಸಕ್ಕೆ ಬೆಳಗಾವಿ. ಊರ ಹೆಸರಿನ ‘ಖುರ್ದ’ ಅನ್ನೋದೇ ಫಾರ್ಸಿ ಪದ; ಚಿಕ್ಕದು ಅಂತ ಅರ್ಥ. ಇಂಥ ಕಡೆ ‘ನಿನ್ನ ರಕ್ತ ಯಾವುದು’ ಅನ್ನೋ ಪ್ರಶ್ನೆ ತಲೆಮಾರುಗಳಿಂದ ಇದೆ. ಈಗ ಅದಕ್ಕೆ ವಿಜ್ಞಾನದ ಅಂಗಿ ತೊಡಿಸಿ ‘ನಿನ್ನ ಡಿಎನ್‌ಎ ಯಾವುದು’ ಅಂತ ಕೇಳ್ತಾರೆ, ಅಷ್ಟೇ.

ನಾನು ಪತ್ರಿಕೋದ್ಯಮಕ್ಕೆ ಬರೋ ಮುಂಚೆ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದವನು. ಹಾಗಾಗಿ ಇಂಥ ಮಾತು ಕೇಳಿದಾಗೆಲ್ಲ ನನ್ನ ತಲೆಯಲ್ಲಿ ಏಳೋದು ಎಂಜಿನಿಯರನ ಪ್ರಶ್ನೆ: ಸರಿ, ಡಿಎನ್‌ಎಯಲ್ಲಿ ಏನೋ ಬರೆದಿದೆ ಅಂತೀರಿ. ಎಷ್ಟು ಬರೆದಿದೆ? ಅದನ್ನ ಅಳೆಯೋದು ಹೇಗೆ? ಅಳತೆಯಲ್ಲಿ ಏನು ಸಿಗುತ್ತೆ, ಏನು ಸಿಗೋದಿಲ್ಲ? ಈ ಪ್ರಶ್ನೆಗಳಿಗೆ ದಾರಿ ಮಾಡಿಕೊಟ್ಟವರು ಕ್ಲಾಡ್ ಶಾನನ್. ಅವರು ತೀರಿಕೊಂಡು ಕಾಲು ಶತಮಾನವಾಯಿತು. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ‘ಇನ್ಫರ್ಮೇಶನ್ ಥಿಯರಿ’ ಪೇಪರಿನ ಪಿತಾಮಹ ಅಂತ ಅವರ ಹೆಸರು ಗೊತ್ತಿರುತ್ತೆ. ಅವರ ಪಿಎಚ್‌ಡಿ ತಳಿಶಾಸ್ತ್ರದ ಮೇಲೆ ಇತ್ತು, ಅದಕ್ಕಾಗಿ ಅವರು ಒಂದು ಬೇಸಿಗೆ ಕೂತ ಜಾಗ ಅಮೆರಿಕದ ಅತ್ಯಂತ ಕುಖ್ಯಾತ ‘ರಕ್ತಶುದ್ಧಿ’ ಕಚೇರಿ ಅನ್ನೋದು ಪೇಪರಿನಲ್ಲಿ ಬರೋದಿಲ್ಲ. ಇವತ್ತಿನ ನಮಗೆ ಬೇಕಾಗಿರೋದು ಆ ಭಾಗವೇ.

ಮುಳ್ಳುತಂತಿಯ ಟೆಲಿಗ್ರಾಫ್

ಶಾನನ್ ಹುಟ್ಟಿದ್ದು 1916ರ ಏಪ್ರಿಲ್ 30ರಂದು, ಅಮೆರಿಕದ ಮಿಶಿಗನ್ ರಾಜ್ಯದ ಪೆಟೋಸ್ಕಿಯಲ್ಲಿ. ಬೆಳೆದದ್ದು ಗೇಲಾರ್ಡ್ ಅನ್ನೋ ಸಣ್ಣ ಊರಲ್ಲಿ. ತಾಯಿ ಮೇಬಲ್ ಭಾಷಾ ಶಿಕ್ಷಕಿ, ಊರ ಹೈಸ್ಕೂಲಿನ ಮುಖ್ಯಸ್ಥೆಯೂ ಆಗಿದ್ದರು. ಹುಡುಗನಿಗೆ ಬಿಚ್ಚೋದು, ಜೋಡಿಸೋದು ಹುಚ್ಚು. ಹೊಲದ ಸುತ್ತಲಿನ ಮುಳ್ಳುತಂತಿ ಬೇಲಿಯನ್ನೇ ತಂತಿಯಾಗಿ ಬಳಸಿ, ಅರ್ಧ ಮೈಲಿ ದೂರದ ಗೆಳೆಯನ ಮನೆಗೆ ಟೆಲಿಗ್ರಾಫ್ ಎಳೆದಿದ್ದ.

1936ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಗಣಿತ ಎರಡರಲ್ಲೂ ಪದವಿ ಪಡೆದು ಎಂಐಟಿಗೆ ಹೋದರು. ಅಲ್ಲಿ ವನ್ನೆವರ್ ಬುಷ್ ಕಟ್ಟಿದ್ದ, ಕೋಣೆ ತುಂಬ ಹಲ್ಲುಚಕ್ರಗಳಿದ್ದ ಲೆಕ್ಕದ ಯಂತ್ರ ನೋಡಿಕೊಳ್ಳೋ ಕೆಲಸ. ಆ ಯಂತ್ರವನ್ನ ನಿಯಂತ್ರಿಸುತ್ತಿದ್ದ ರಿಲೇ ಸ್ವಿಚ್ಚುಗಳನ್ನ ನೋಡ್ತಾ ಶಾನನ್‌ಗೆ ಕಾಲೇಜಿನ ತತ್ವಶಾಸ್ತ್ರದ ತರಗತಿಯಲ್ಲಿ ಕಲಿತ ಜಾರ್ಜ್ ಬೂಲ್‌ನ ತರ್ಕ ನೆನಪಾಯಿತು. ಸ್ವಿಚ್ಚು ಮುಚ್ಚಿದೆ ಅಥವಾ ತೆರೆದಿದೆ. ಮಾತು ನಿಜ ಅಥವಾ ಸುಳ್ಳು. ಎರಡೂ ಒಂದೇ ಬೀಜಗಣಿತ. 1937ರಲ್ಲಿ ಬರೆದ ಈ ಮಾಸ್ಟರ್ಸ್ ಪ್ರಬಂಧದ ಮೇಲೆಯೇ ನಿಮ್ಮ ಕೈಲಿರೋ ಫೋನಿನ ತನಕ ಎಲ್ಲ ಡಿಜಿಟಲ್ ಸರ್ಕ್ಯೂಟುಗಳು ನಿಂತಿವೆ. ಆಗ ಅವರಿಗೆ ಇಪ್ಪತ್ತೊಂದು ವರ್ಷ.

1939ರ ಬೇಸಿಗೆ

ಉಗಾರ ಖುರ್ದಕ್ಕೆ 1939 ದೊಡ್ಡ ವರ್ಷ. ಉಗಾರ ಶುಗರ್ ವರ್ಕ್ಸ್ ಕಂಪನಿ ಹುಟ್ಟಿದ್ದು ಆ ವರ್ಷ. ಕೃಷ್ಣಾ ದಂಡೆಯ ಈ ಊರಿಗೆ ಆಮೇಲೆ ಕಬ್ಬೇ ಜಾತಕವಾಯಿತು. ಅದೇ ವರ್ಷದ ಬೇಸಿಗೆಯಲ್ಲಿ, ನ್ಯೂಯಾರ್ಕ್ ಹತ್ತಿರದ ಕೋಲ್ಡ್ ಸ್ಪ್ರಿಂಗ್ ಹಾರ್ಬರಿಗೆ ಶಾನನ್ ಬಂದಿಳಿದರು. ಕಳಿಸಿದ್ದು ವನ್ನೆವರ್ ಬುಷ್. ಸ್ವಿಚ್ಚಿಗೆ ಬೀಜಗಣಿತ ಹಚ್ಚಿದ ಹುಡುಗ ಆನುವಂಶಿಕತೆಗೂ ಹಚ್ಚಲಿ ಅನ್ನೋದು ಅವರ ಲೆಕ್ಕ. ಶಾನನ್‌ಗೆ ಅಲ್ಲಿಯ ತನಕ ತಳಿಶಾಸ್ತ್ರದ ಗಂಧ ಇರಲಿಲ್ಲ. ಪದಗಳನ್ನ ಮೊದಲಿಂದ ಕಲಿಯಬೇಕಾಯಿತು. ಮಾರ್ಗದರ್ಶನಕ್ಕೆ ಸಿಕ್ಕವರು ಬಾರ್ಬರಾ ಬರ್ಕ್ಸ್ ಅನ್ನೋ ಮನೋವಿಜ್ಞಾನಿ. ಅವರು ಕೆಲಸ ಮಾಡ್ತಿದ್ದ ಜಾಗ ಯೂಜೆನಿಕ್ಸ್ ರೆಕಾರ್ಡ್ ಆಫೀಸ್.

ಈ ಕಚೇರಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1910ರಲ್ಲಿ ಚಾರ್ಲ್ಸ್ ಡೇವನ್‌ಪೋರ್ಟ್ ಶುರು ಮಾಡಿದ್ದು. ನಡೆಸಿದವರು ಹ್ಯಾರಿ ಲಾಫ್ಲಿನ್. ಕ್ಷೇತ್ರ ಕಾರ್ಯಕರ್ತರು ಮನೆಮನೆಗೆ, ಹುಚ್ಚಾಸ್ಪತ್ರೆಗಳಿಗೆ, ಜೈಲುಗಳಿಗೆ ಹೋಗಿ ವಂಶಾವಳಿ ಬರೆದುಕೊಂಡು ಬರ್ತಿದ್ದರು. ಯಾರ ಮನೆಯಲ್ಲಿ ಮೂರ್ಛೆರೋಗ, ಯಾರ ಮನೆಯಲ್ಲಿ ‘ಮಂದಬುದ್ಧಿ’, ಯಾರ ಮನೆಯಲ್ಲಿ ಅಪರಾಧ. ಬಡತನವನ್ನೂ ರಕ್ತದಲ್ಲಿ ಬರೋ ಗುಣ ಅಂತ ಕಾರ್ಡಿಗೆ ಹಾಕ್ತಿದ್ದರು. ಅಂಥ ಲಕ್ಷಾಂತರ ಕಾರ್ಡುಗಳ ಮೇಲೆ ನಿಂತು ಲಾಫ್ಲಿನ್, ‘ಅಯೋಗ್ಯ’ರಿಗೆ ಸಂತಾನಹರಣ ಚಿಕಿತ್ಸೆ ಮಾಡಲು ಒಂದು ಮಾದರಿ ಕಾನೂನು ಬರೆದರು. ಆ ದಾರಿಯಲ್ಲಿ ಬಂದ ವರ್ಜೀನಿಯಾ ಕಾನೂನನ್ನ 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದು ಮತದಲ್ಲಿ ಎತ್ತಿಹಿಡಿಯಿತು. ಇಪ್ಪತ್ತನೇ ಶತಮಾನದಲ್ಲಿ ಅಲ್ಲಿ 60 ಸಾವಿರಕ್ಕೂ ಹೆಚ್ಚು ಜನರಿಗೆ ಬಲವಂತದ ಸಂತಾನಹರಣ ಆಯಿತು. 1933ರ ನಾಜಿ ಕಾನೂನಿಗೆ ಲಾಫ್ಲಿನ್ ಮಾದರಿಯೂ ಪ್ರೇರಣೆ. 1936ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಇದು ದೂರದ ಕಥೆ ಅಂತ ನಮ್ಮವರು ಬೆನ್ನು ತಟ್ಟಿಕೊಳ್ಳೋದು ಬೇಡ. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇದೇ ತರ್ಕದ್ದು: ಹುಟ್ಟಿನಿಂದಲೇ ಕಳ್ಳ. ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ ಹರಣಶಿಕಾರಿ, ಘಂಟಿಚೋರ, ಛಪ್ಪರಬಂದ್ ಸಮುದಾಯಗಳನ್ನ ‘ಸೆಟ್ಲ್‌ಮೆಂಟ್’ಗಳಲ್ಲಿ ಕೂಡಿಹಾಕಿದ್ದರು. ಕಾಯ್ದೆ 1952ರಲ್ಲಿ ರದ್ದಾದರೂ ಹುಬ್ಬಳ್ಳಿಯಲ್ಲಿ ಆ ಪ್ರದೇಶಕ್ಕೆ ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಹೆಸರು. ಅಲ್ಲಿನ ಹುಡುಗರು ಕೆಲಸ ಕೇಳಿಕೊಂಡು ಹೋದಾಗ ವಿಳಾಸ ಹೇಳೋಕೆ ಯಾಕೆ ಹಿಂಜರೀತಾರೆ ಅಂತ ಹುಬ್ಬಳ್ಳಿಯವರಿಗೆ ವಿವರಿಸಬೇಕಿಲ್ಲ.

ಈಗ ಶಾನನ್ ಕಥೆಗೆ ವಾಪಸ್. ಆ ಕಾರ್ಡುಗಳ ಕಚೇರಿಯ ನೆರಳಲ್ಲಿ ಕೂತು ಅವರು ಬರೆದದ್ದು ಶುದ್ಧ ಬೀಜಗಣಿತ. ಒಂದು ಜನಸಮೂಹದಲ್ಲಿ ಇಂಥಿಂಥ ಜೀನ್ ಜೋಡಿಗಳು ಇಷ್ಟಿಷ್ಟು ಪ್ರಮಾಣದಲ್ಲಿವೆ ಅಂದ್ರೆ, ಹಲವು ಪೀಳಿಗೆಗಳ ನಂತರ ಆ ಪ್ರಮಾಣ ಏನಾಗಿರುತ್ತೆ? ಅದಕ್ಕೊಂದು ಹೊಸ ಸಂಕೇತಪದ್ಧತಿ. ಯಾವ ಜೀನ್ ‘ಒಳ್ಳೇದು’, ಯಾರು ‘ಅಯೋಗ್ಯ’ ಅನ್ನೋ ತೀರ್ಪಿಗೆ ಆ ಸಮೀಕರಣಗಳಲ್ಲಿ ಜಾಗವೇ ಇಲ್ಲ. 1940ರಲ್ಲಿ ಇದಕ್ಕೇ ಪಿಎಚ್‌ಡಿ ಸಿಕ್ಕಿತು. ಅಷ್ಟರಲ್ಲಿ ಕಚೇರಿಯೂ ಇರಲಿಲ್ಲ. ಅದಕ್ಕೆ ಹಣ ಕೊಡ್ತಿದ್ದ ಕಾರ್ನೆಗಿ ಸಂಸ್ಥೆಗೆ 1939ರಲ್ಲಿ ಅಧ್ಯಕ್ಷರಾಗಿ ಬಂದವರು ಇದೇ ವನ್ನೆವರ್ ಬುಷ್. ಲಾಫ್ಲಿನ್‌ರನ್ನ ನಿವೃತ್ತಿ ಮಾಡಿಸಿ, ಆ ವರ್ಷದ ಡಿಸೆಂಬರ್ 31ಕ್ಕೆ ಕಚೇರಿಗೆ ಬೀಗ ಹಾಕಿಸಿದರು.

ಶಾನನ್‌ರನ್ನ ನಾನು ಬಂಡಾಯಗಾರ ಅಂತ ಮೆರೆಸ್ತಿಲ್ಲ. ಅವರು ಅಲ್ಲಿ ಧರಣಿ ಕೂರಲಿಲ್ಲ, ಲೆಕ್ಕ ಮಾಡಿದರು. ಪಿಎಚ್‌ಡಿ ಮುಗಿದ ಮೇಲೆ ತಳಿಶಾಸ್ತ್ರದ ಕಡೆ ತಿರುಗಿಯೂ ನೋಡಲಿಲ್ಲ. ಆ ಪ್ರಬಂಧ ಅಚ್ಚಾದದ್ದು 1993ರಲ್ಲಿ, ಅವರ ಸಮಗ್ರ ಲೇಖನಗಳ ಸಂಪುಟದಲ್ಲಿ. ಆದರೆ ಅದೇ ಜಾಗದಲ್ಲಿ ಒಂದೇ ವಿಷಯವನ್ನ ಇಬ್ಬರು ಎರಡು ರೀತಿ ಹಿಡಿದದ್ದನ್ನ ಗಮನಿಸಿ. ಒಬ್ಬರು ಅಳತೆಯ ಹೆಸರಲ್ಲಿ ತೀರ್ಪು ಕೊಟ್ಟರು. ಇನ್ನೊಬ್ಬರು ಅಳತೆಯನ್ನ ಅಳತೆಯಾಗಿಯೇ ಇಟ್ಟರು.

ಅರ್ಥ ಬದಿಗಿಟ್ಟ ಅಳತೆ

1941ರಲ್ಲಿ ಶಾನನ್ ಬೆಲ್ ಲ್ಯಾಬ್ಸ್ ಸೇರಿದರು. ಯುದ್ಧಕಾಲ. ಗುಪ್ತಲಿಪಿಯ ಮೇಲೆ ಕೆಲಸ. 1943ರಲ್ಲಿ ಅಲ್ಲಿಗೆ ಬಂದಿದ್ದ ಅಲನ್ ಟ್ಯೂರಿಂಗ್ ಜೊತೆ ಚಹಾ ಕುಡೀತಾ ಯಂತ್ರಗಳು ಯೋಚಿಸಬಹುದೇ ಅನ್ನೋ ಹರಟೆ. ಸಂದೇಶವನ್ನ ಬಚ್ಚಿಡೋದು ಹೇಗೆ ಅಂತ ಯೋಚಿಸುವಾಗ, ಸಂದೇಶ ಅಂದ್ರೇನು ಅನ್ನೋ ಪ್ರಶ್ನೆಯೂ ಬೆಳೆಯಿತು. 1948ರಲ್ಲಿ ಬೆಲ್ ಸಿಸ್ಟಮ್ ಟೆಕ್ನಿಕಲ್ ಜರ್ನಲ್‌ನಲ್ಲಿ ಎರಡು ಕಂತಿನಲ್ಲಿ ಬಂದ ಅವರ ಲೇಖನ ಅದಕ್ಕೆ ಉತ್ತರ.

ಶಾನನ್ ಮೊದಲ ಹೆಜ್ಜೆಯಲ್ಲೇ ಒಂದು ದಿಟ್ಟ ಕೆಲಸ ಮಾಡಿದರು: ಅರ್ಥವನ್ನ ಹೊರಗಿಟ್ಟರು. ಸಂದೇಶದಲ್ಲಿ ಏನಿದೆ ಅನ್ನೋದು ಎಂಜಿನಿಯರಿಗೆ ಬೇಡ. ಎಷ್ಟು ಸಾಧ್ಯತೆಗಳಲ್ಲಿ ಇದೊಂದು ಬಂತು ಅನ್ನೋದಷ್ಟೇ ಬೇಕು. ಬರೋ ಸುದ್ದಿ ಎಷ್ಟು ಅನಿರೀಕ್ಷಿತವೋ ಅದರಲ್ಲಿ ಅಷ್ಟು ಮಾಹಿತಿ. ‘ಮಂತ್ರಿಗಳು ಸೂಕ್ತ ಕ್ರಮದ ಭರವಸೆ ನೀಡಿದರು’ ಅನ್ನೋ ಸುದ್ದಿಯಲ್ಲಿ ಮಾಹಿತಿ ಹೆಚ್ಚುಕಮ್ಮಿ ಸೊನ್ನೆ. ‘ಮಂತ್ರಿಗಳು ರಾಜೀನಾಮೆ ನೀಡಿದರು’ ಅನ್ನೋದರಲ್ಲಿ ಬೇಕಾದಷ್ಟಿದೆ. ಸಮಸಾಧ್ಯತೆಯ ಒಂದು ಹೌದು-ಇಲ್ಲ ಪ್ರಶ್ನೆಗೆ ಸಿಗೋ ಉತ್ತರ ಅಂದ್ರೆ ಒಂದು ಬಿಟ್. ಆ ಪದ ಕೊಟ್ಟದ್ದು ಜಾನ್ ಟ್ಯೂಕಿ. ಸಂದೇಶದ ಮೂಲವೊಂದರ ಸರಾಸರಿ ಅನಿರೀಕ್ಷಿತತೆಗೆ ಶಾನನ್ ಇಟ್ಟ ಹೆಸರು ಎಂಟ್ರೊಪಿ.

ನಮ್ಮ ಕಡೆಯವರಿಗೆ ಇದನ್ನ ಹೇಳೋಕೆ ಒಂದು ಪದ ಸಾಕು: ರಿಕವರಿ. ಕಾಟಾದ ಮೇಲೆ ಟ್ರ್ಯಾಕ್ಟರ್ ನಿಂತಾಗ ಸಿಗೋದು ಕಬ್ಬಿನ ತೂಕ. ಆದರೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ ದರ ನಿಂತಿರೋದು ಆ ಕಬ್ಬಿನಿಂದ ಎಷ್ಟು ಸಕ್ಕರೆ ಇಳಿಯುತ್ತೆ ಅನ್ನೋದರ ಮೇಲೆ. 2025-26ರ ಹಂಗಾಮಿಗೆ 10.25 ಪರ್ಸೆಂಟ್ ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅಂದ್ರೆ ಟನ್ ಕಬ್ಬಿನಿಂದ 102.5 ಕೆಜಿ ಸಕ್ಕರೆ ಅನ್ನೋ ಲೆಕ್ಕ. ಸಂದೇಶದ ಉದ್ದ ಅನ್ನೋದು ತೂಕ ಇದ್ದ ಹಾಗೆ, ಎಂಟ್ರೊಪಿ ಅನ್ನೋದು ರಿಕವರಿ ಇದ್ದ ಹಾಗೆ. ಜಲ್ಲೆ ಎಷ್ಟು ಉದ್ದ ಇದ್ರೇನು, ಹಿಂಡಿದ್ರೆ ಎಷ್ಟು ಬರುತ್ತೆ ಹೇಳು. ಇನ್ನೊಂದು ಮಾತು: ಆ ಸಕ್ಕರೆ ಮದುವೆ ಮನೆಯ ಬುಂದಿಗೆ ಹೋಯ್ತೋ, ಸಕ್ಕರೆ ಕಾಯಿಲೆಗೆ ಹೋಯ್ತೋ ಅಂತ ರಿಕವರಿ ಹೇಳೋದಿಲ್ಲ. ಎಂಟ್ರೊಪಿಯೂ ಹಾಗೇ.

1951ರಲ್ಲಿ ಶಾನನ್ ಇದನ್ನ ಇಂಗ್ಲಿಷಿನ ಮೇಲೆ ಪ್ರಯೋಗಿಸಿದರು. ಓದುಗರಿಗೆ ಒಂದು ವಾಕ್ಯದ ಮುಂದಿನ ಅಕ್ಷರ ಊಹಿಸೋಕೆ ಹೇಳೋದು, ಎಷ್ಟು ಊಹೆ ಬೇಕಾಯಿತು ಅಂತ ಎಣಿಸೋದು. ಅಕ್ಷರಗಳು ಮನಬಂದಂತೆ ಬಂದಿದ್ರೆ ಒಂದೊಂದಕ್ಕೂ 4.7 ಬಿಟ್ ಇರಬೇಕಿತ್ತು. ಸಿಕ್ಕದ್ದು ಸುಮಾರು 1 ಬಿಟ್. ಭಾಷೆಯ ಬಹುಪಾಲು ಮೊದಲೇ ಊಹಿಸಬಹುದಾದದ್ದು. ನೀವು ‘ಹೇಗಿ’ ಅಂತ ಒತ್ತಿದ ತಕ್ಷಣ ಫೋನಿನ ಕೀಬೋರ್ಡು ‘ಹೇಗಿದ್ದೀರಿ’ ಅಂತ ಮುಂದಿಡೋದು ಇದೇ ನಂಬಿಕೆಯ ಮೇಲೆ.

ನಾಲ್ಕು ಅಕ್ಷರದ ಬರಹ

ಶಾನನ್ ಪಿಎಚ್‌ಡಿ ಬರೆದಾಗ ಜೀನ್ ಯಾವ ವಸ್ತುವಿನಿಂದ ಆಗಿದೆ ಅಂತಲೇ ಗೊತ್ತಿರಲಿಲ್ಲ. ಅದು ಡಿಎನ್‌ಎ ಅಂತ ಏವರಿ ತಂಡ ತೋರಿಸಿದ್ದು 1944ರಲ್ಲಿ. ಡಿಎನ್‌ಎ ಜೋಡಿಸುರುಳಿ ಅಂತ ಗೊತ್ತಾದದ್ದು 1953ರಲ್ಲಿ. ಅದು ಎ, ಸಿ, ಜಿ, ಟಿ ಅನ್ನೋ ನಾಲ್ಕು ಅಕ್ಷರಗಳ ಉದ್ದನೆಯ ಸಾಲು ಅಂತ ತಿಳಿದ ಮೇಲೆ, ಶಾನನ್ ಅಳತೆಯನ್ನ ಅಲ್ಲಿಗೆ ತಗೊಂಡು ಹೋಗದೆ ಇರೋಕೆ ಯಾರಿಂದ ಸಾಧ್ಯ?

ನಾಲ್ಕರಲ್ಲಿ ಒಂದನ್ನ ಗುರುತಿಸೋಕೆ ಎರಡು ಹೌದು-ಇಲ್ಲ ಪ್ರಶ್ನೆ ಸಾಕು. ಹಾಗಾಗಿ ಒಂದು ಅಕ್ಷರದಲ್ಲಿ ಗರಿಷ್ಠ 2 ಬಿಟ್. ಮನುಷ್ಯನ ಜೀನೋಮಿನಲ್ಲಿ ಸುಮಾರು 310 ಕೋಟಿ ಅಕ್ಷರ, ಅಂದ್ರೆ 620 ಕೋಟಿ ಬಿಟ್, ಅಂದ್ರೆ ಹೆಚ್ಚುಕಮ್ಮಿ 775 ಎಂಬಿ. ನೀವು ರಾತ್ರಿ ಡೌನ್‌ಲೋಡ್ ಮಾಡಿಕೊಳ್ಳೋ ಒಂದು ಸಿನಿಮಾಗೆ ಇದಕ್ಕಿಂತ ಜಾಸ್ತಿ ಜಾಗ ಬೇಕು.

ಇದು ಗರಿಷ್ಠ ಮಿತಿ. ನಿಜವಾದ ಲೆಕ್ಕಕ್ಕೆ ಮೊದಲ ಹೆಜ್ಜೆ ಅಕ್ಷರಗಳ ಪ್ರಮಾಣ ನೋಡೋದು. ಮಾರಕ ಮಲೇರಿಯಾ ತರೋ ಪರಾವಲಂಬಿಯ ಜೀನೋಮಿನಲ್ಲಿ ಸುಮಾರು 80 ಪರ್ಸೆಂಟ್ ಅಕ್ಷರ ಎ ಮತ್ತು ಟಿ. ಶಾನನ್ ಸೂತ್ರಕ್ಕೆ ಹಾಕಿದ್ರೆ ಅಕ್ಷರಕ್ಕೆ 2ರ ಬದಲು ಸುಮಾರು 1.72 ಬಿಟ್ ಬರುತ್ತೆ.

ಆದರೆ ಪ್ರಮಾಣ ಒಂದೇ ಸಾಲದು. ಎ-ಟಿ-ಎ-ಟಿ-ಎ-ಟಿ ಅಂತ ಸಾವಿರ ಸಲ ಬರೆದ ಸಾಲಿನಲ್ಲೂ, ನಾಣ್ಯ ಚಿಮ್ಮಿ ಎ ಅಥವಾ ಟಿ ಅಂತ ಬರೆದ ಸಾಲಿನಲ್ಲೂ ಪ್ರಮಾಣ ಒಂದೇ, ಅರ್ಧರ್ಧ. ಮೊದಲನೇದನ್ನ ಮಾತ್ರ ‘ಎಟಿ, ಸಾವಿರ ಸಲ’ ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಬಹುದು. ಹಾಗಾಗಿ ಎರಡೆರಡು, ಮೂರು-ಮೂರು ಅಕ್ಷರಗಳ ಗುಂಪು ಮಾಡಿ ಎಣಿಸಬೇಕು. ಇದೂ ಶಾನನ್ 1948ರಲ್ಲೇ ತೋರಿಸಿದ ದಾರಿ. ಆಮೇಲೆ 1965ರಲ್ಲಿ ರಷ್ಯಾದ ಕೊಲ್ಮೊಗೊರೊವ್ ಇನ್ನೊಂದು ನಿಟ್ಟಿನಿಂದ ನೋಡಿದರು: ಒಂದು ಸಾಲಿನ ಸಂಕೀರ್ಣತೆ ಅಂದ್ರೆ ಅದನ್ನ ಹೊರಡಿಸಬಲ್ಲ ಅತಿ ಚಿಕ್ಕ ಪ್ರೋಗ್ರಾಮಿನ ಉದ್ದ. 1976ರಲ್ಲಿ ಇಸ್ರೇಲಿನ ಲೆಂಪೆಲ್ ಮತ್ತು ಜಿವ್, ಸಾಲನ್ನ ಓದ್ತಾ ಹೋದಾಗ ಹೊಸ ತುಣುಕುಗಳು ಎಷ್ಟು ಸಲ ಎದುರಾಗುತ್ತವೆ ಅಂತ ಎಣಿಸೋ ಅಳತೆ ಕೊಟ್ಟರು. ಇವತ್ತಿನ ಜಿಪ್ ಫೈಲು ಆ ಮನೆತನದ್ದೇ.

ಬೆಂಗಳೂರಿನವರೂ ಈ ಸಾಲಿನಲ್ಲಿದ್ದಾರೆ. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್‌ನ ನಿತಿನ್ ನಾಗರಾಜ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಕೊಟ್ಟ ‘ಎಫರ್ಟ್ ಟು ಕಂಪ್ರೆಸ್’ ಅನ್ನೋ ಅಳತೆ ಕೇಳೋಕೆ ಬಹಳ ಸರಳ. ಸಾಲಿನಲ್ಲಿ ಅತಿ ಹೆಚ್ಚು ಸಲ ಬರೋ ಜೋಡಿ ಹುಡುಕು, ಅದಕ್ಕೊಂದು ಹೊಸ ಗುರುತು ಹಾಕು, ಮತ್ತೆ ಹುಡುಕು. ಇಡೀ ಸಾಲು ಒಂದೇ ಗುರುತು ಆಗೋ ತನಕ ಎಷ್ಟು ಹೆಜ್ಜೆ ಬೇಕಾಯಿತೋ ಅದೇ ಸಂಕೀರ್ಣತೆ. ಎ-ಟಿ-ಎ-ಟಿ ಸಾಲಿಗೆ ಒಂದೇ ಹೆಜ್ಜೆ. 2020ರಲ್ಲಿ ಕೊರೊನಾ ವೈರಸ್ಸಿನ 29,903 ಅಕ್ಷರಗಳ ಜೀನೋಮ್ ಎಲ್ಲರ ಮುಂದೆ ಬಿಡಿಸಿಟ್ಟಿದ್ದಾಗ, ಇಂಥ ಅಳತೆಗಳಿಂದ ಸಾರ್ಸ್ ಕುಟುಂಬದ ವೈರಸ್ಸನ್ನ ಗುರುತಿಸಬಹುದಾ ಅಂತ ನಾಗರಾಜ್ ಮತ್ತು ಕಾರ್ತಿ ಬಾಲಸುಬ್ರಮಣಿಯನ್ ಪರೀಕ್ಷಿಸಿದರು.

ನಮ್ಮ ಕಬ್ಬನ್ನೇ ತಗೊಳ್ಳಿ. 2024ರಲ್ಲಿ ‘ಆರ್570’ ಅನ್ನೋ ತಳಿಯ ಜೀನೋಮ್ ನೇಚರ್ ಪತ್ರಿಕೆಯಲ್ಲಿ ಬಂತು. ಜೋಡಿಸಿದ ಅಕ್ಷರಗಳೇ 870 ಕೋಟಿ, ಮನುಷ್ಯನಿಗಿಂತ ಎರಡೂವರೆ ಪಟ್ಟಿಗೂ ಮೇಲೆ. ಹಾಗಂತ ಕಬ್ಬು ನಮಗಿಂತ ಎರಡೂವರೆ ಪಟ್ಟು ಸಂಕೀರ್ಣವಾ? ಇಲ್ಲ. ಕಬ್ಬಿನಲ್ಲಿ ಬಹಳಷ್ಟು ವರ್ಣತಂತುಗಳು ಎರಡಲ್ಲ, ಹತ್ತು-ಹನ್ನೆರಡು ಪ್ರತಿ ಇರುತ್ತವೆ, ಒಂದಕ್ಕೊಂದು ಸ್ವಲ್ಪಸ್ವಲ್ಪ ಬೇರೆ. ಒಂದೇ ಅರ್ಜಿಯ ಹನ್ನೆರಡು ಜೆರಾಕ್ಸ್, ಪ್ರತಿಯೊಂದರ ಮೇಲೂ ಪೆನ್ನಿನಲ್ಲಿ ನಾಲ್ಕು ತಿದ್ದುಪಡಿ. ತೂಕ ಭಾರಿ, ರಿಕವರಿ ಅಷ್ಟಿಲ್ಲ. ಈರುಳ್ಳಿಯ ಜೀನೋಮ್ ಮನುಷ್ಯನದ್ದಕ್ಕಿಂತ ಐದು ಪಟ್ಟು ಉದ್ದ. ಉದ್ದ ನೋಡಿ ದೊಡ್ಡಸ್ತಿಕೆ ಅಳೆಯೋರಿಗೆ ಅಡುಗೆಮನೆಯ ಬುಟ್ಟಿಯೇ ಉತ್ತರ.

ಅಳತೆ ನಿಲ್ಲೋದು ಎಲ್ಲಿ?

ಇಲ್ಲಿಗೆ ನಿಲ್ಲಿಸಿದ್ರೆ ‘ಸಂಕೀರ್ಣತೆ ಜಾಸ್ತಿ ಇದ್ರೆ ಮಹತ್ವವೂ ಜಾಸ್ತಿ’ ಅನ್ನೋ ತಪ್ಪು ತೀರ್ಮಾನಕ್ಕೆ ಬರ್ತೀವಿ. ಪಗಡೆಯ ದಾಳಕ್ಕೆ ನಾಲ್ಕು ಮುಖ. ಒಂದೊಂದು ಮುಖಕ್ಕೆ ಎ, ಸಿ, ಜಿ, ಟಿ ಬರೆದು ಹತ್ತು ಸಾವಿರ ಸಲ ಉರುಳಿಸಿ. ಸಿಗೋ ಸಾಲಿನಲ್ಲಿ ಅಕ್ಷರಕ್ಕೆ ಪೂರ್ತಿ 2 ಬಿಟ್. ಎಂಟ್ರೊಪಿ ಗರಿಷ್ಠ, ಆದರೆ ಅದರಿಂದ ಒಂದು ಸೊಳ್ಳೆಯೂ ಹುಟ್ಟಲ್ಲ.

ಇನ್ನೊಂದು ತುದಿ ನೋಡಿ. ನಮ್ಮ ನಾಲ್ಕನೇ ವರ್ಣತಂತುವಿನ ಒಂದು ಜೀನಿನಲ್ಲಿ ಸಿಎಜಿ-ಸಿಎಜಿ-ಸಿಎಜಿ ಅನ್ನೋ ಪುನರಾವರ್ತನೆ ಇದೆ. ಯಾವ ಅಳತೆಗೆ ಹಾಕಿದ್ರೂ ಸಂಕೀರ್ಣತೆ ತೀರಾ ಕಮ್ಮಿ. ಡಿಎನ್‌ಎ ಹೋಲಿಸೋ ಸಾಫ್ಟ್‌ವೇರುಗಳು ಇಂಥ ಜಾಗಗಳನ್ನ ಗೊಂದಲ ತಪ್ಪಿಸೋಕೆ ಮುಚ್ಚಿಡುತ್ತವೆ. ಆದರೆ ಆ ಸಿಎಜಿ 26 ಸಲದ ಒಳಗಿದ್ರೆ ತೊಂದರೆ ಇಲ್ಲ. 40 ದಾಟಿದ್ರೆ ಹಂಟಿಂಗ್ಟನ್ ಅನ್ನೋ ನರರೋಗ ಬರುತ್ತೆ, ಮನುಷ್ಯ ಮಧ್ಯವಯಸ್ಸಿನಲ್ಲಿ ತನ್ನ ಮೈಮೇಲಿನ ಹಿಡಿತ ಕಳಕೊಳ್ತಾನೆ. ಮಾಹಿತಿ ಕಮ್ಮಿ, ಅರ್ಥ ಪ್ರಾಣದಷ್ಟು.

ಬಿಟ್ ಹೇಳೋದು ಎಷ್ಟು ಅನ್ನೋದನ್ನ. ಏನು, ಯಾಕೆ, ಯಾರಿಗೆ ಅನ್ನೋದನ್ನಲ್ಲ. ಇದು ಶಾನನ್‌ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಐವತ್ತರ ದಶಕದಲ್ಲಿ ಅವರ ಸಿದ್ಧಾಂತ ಫ್ಯಾಷನ್ ಆಗಿ ಜೀವಶಾಸ್ತ್ರ, ಮನಶ್ಶಾಸ್ತ್ರ, ಅರ್ಥಶಾಸ್ತ್ರದವರೆಲ್ಲ ‘ಎಂಟ್ರೊಪಿ’ ಅನ್ನೋಕೆ ಶುರು ಮಾಡಿದಾಗ, ಹೊಗಳಿಕೆ ಬರ್ತಿದೆ ಅಂತ ಅವರು ಸುಮ್ಮನಿರಲಿಲ್ಲ. 1956ರಲ್ಲಿ ಒಂದು ಪುಟದ ಲೇಖನ ಬರೆದು, ಈ ಮೆರವಣಿಗೆಗೆ ಎಲ್ಲರೂ ಹತ್ತಬೇಡಿ, ನಿಮ್ಮ ನಿಮ್ಮ ಕ್ಷೇತ್ರದಲ್ಲಿ ಪ್ರಯೋಗದಿಂದ ಸಾಬೀತು ಮಾಡದೆ ಪದ ಮಾತ್ರ ಎರವಲು ತಗೊಂಡ್ರೆ ಪ್ರಯೋಜನವಿಲ್ಲ ಅಂತ ಎಚ್ಚರಿಸಿದರು. ತನ್ನದೇ ಹೆಸರಿನ ಜೈಕಾರ ನಿಲ್ಲಿಸಿ ಅಂತ ಹೇಳೋ ನಾಯಕರನ್ನ ನಾವು ಎಷ್ಟು ಜನರನ್ನ ನೋಡಿದ್ದೀವಿ?

31 ಪ್ರಶ್ನೆ

ಶಾನನ್ ಅಳತೆ ಇವತ್ತಿನ ರಾಜಕಾರಣಕ್ಕೆ ನೇರವಾಗಿ ತಾಗೋ ಜಾಗ ಒಂದಿದೆ. 140 ಕೋಟಿ ಭಾರತೀಯರಲ್ಲಿ ಒಬ್ಬರನ್ನ ಬೆರಳಿಟ್ಟು ತೋರಿಸೋಕೆ ಎಷ್ಟು ಮಾಹಿತಿ ಬೇಕು? 31 ಬಿಟ್. ಜನರನ್ನ ಸರಿಯಾಗಿ ಅರ್ಧರ್ಧ ಮಾಡ್ತಾ ಹೋಗೋ 31 ಹೌದು-ಇಲ್ಲ ಪ್ರಶ್ನೆ. ನಿಮ್ಮ ಜೀನೋಮಿನ 620 ಕೋಟಿ ಬಿಟ್ ಪಕ್ಕದಲ್ಲಿ ಇದು ಸಾಸಿವೆ ಕಾಳು.

ಅಪರಾಧ ಪತ್ತೆಯ ಡಿಎನ್‌ಎ ಪ್ರೊಫೈಲಿಂಗ್ ನಿಂತಿರೋದೇ ಇದರ ಮೇಲೆ. ಪ್ರಯೋಗಾಲಯ ನಿಮ್ಮ ಇಡೀ ಜೀನೋಮ್ ಓದೋದಿಲ್ಲ. ಅಮೆರಿಕದ ವ್ಯವಸ್ಥೆಯಲ್ಲಿ 20 ಜಾಗ ನೋಡ್ತಾರೆ. ಎಲ್ಲವೂ ಸಂಕೀರ್ಣತೆ ಕಮ್ಮಿ ಇರೋ, ಮೂರ್ನಾಲ್ಕು ಅಕ್ಷರ ಮತ್ತೆ ಮತ್ತೆ ಬರೋ ಜಾಗಗಳು. ಎಷ್ಟು ಸಲ ಬಂತು ಅಂತ ಎಣಿಸ್ತಾರೆ. ಆ ಕೆಲವೇ ಸಂಖ್ಯೆಗಳು ಒಬ್ಬರನ್ನ ಗುರುತಿಸೋಕೆ ಬೇಕಾದ್ದಕ್ಕಿಂತ ಹೆಚ್ಚು. ಇದರಿಂದ ಅತ್ಯಾಚಾರಿಗಳು ಸಿಕ್ಕಿಬಿದ್ದಿದ್ದಾರೆ, ನಿರಪರಾಧಿಗಳು ಜೈಲಿನಿಂದ ಹೊರಬಂದಿದ್ದಾರೆ. ತಂತ್ರಜ್ಞಾನವನ್ನ ನಾನು ಬೇಡ ಅಂತಿಲ್ಲ. ಆದರೆ ‘ಸ್ವಲ್ಪವೇ ಡೇಟಾ ತಗೊಳ್ತೀವಿ, ಹೆದರಬೇಡಿ’ ಅನ್ನೋ ಸಮಾಧಾನಕ್ಕೆ ಶಾನನ್ ಲೆಕ್ಕದಲ್ಲಿ ಬೆಲೆ ಇಲ್ಲ. ಸ್ವಲ್ಪವೇ ಸಾಕು. ಜೊತೆಗೆ, ಒಡಹುಟ್ಟಿದವರ ಡಿಎನ್‌ಎ ಸರಾಸರಿ ಅರ್ಧ ಹಂಚಿಕೊಂಡಿರುತ್ತೆ. ಅಣ್ಣನ ಮಾದರಿ ಕೊಟ್ಟಾಗ ತಂಗಿಯ ಬಗ್ಗೆಯೂ ಅರ್ಧ ಹೇಳಿದ ಹಾಗೆ, ಅವಳನ್ನ ಕೇಳದೆ.

2022ರ ಕ್ರಿಮಿನಲ್ ಪ್ರೊಸೀಜರ್ (ಐಡೆಂಟಿಫಿಕೇಶನ್) ಕಾಯ್ದೆ ಬಂಧಿತರಿಂದ ಜೈವಿಕ ಮಾದರಿ ಪಡೆದು ವಿಶ್ಲೇಷಿಸೋಕೆ ಅವಕಾಶ ಕೊಡುತ್ತೆ. ಹೆಣ್ಣುಮಕ್ಕಳು, ಮಕ್ಕಳ ಮೇಲಿನ ಅಪರಾಧ ಮತ್ತು ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧ ಬಿಟ್ಟು ಉಳಿದವುಗಳಲ್ಲಿ ಬಂಧಿತರು ಜೈವಿಕ ಮಾದರಿ ಕೊಡಲ್ಲ ಅನ್ನಬಹುದು; ಠಾಣೆಯಲ್ಲಿ ಕೂತವನಿಗೆ ಆ ಹಕ್ಕು ಯಾರು ಹೇಳಿಕೊಡಬೇಕು ಅನ್ನೋದು ಬೇರೆ ಪ್ರಶ್ನೆ. ದಾಖಲೆ ಉಳಿಯೋದು 75 ವರ್ಷ. ಡಿಎನ್‌ಎ ಬಳಕೆಗೆ ನಿಯಂತ್ರಣ ತರಬೇಕಿದ್ದ 2019ರ ಮಸೂದೆಯನ್ನ ಸರ್ಕಾರ 2023ರ ಜುಲೈನಲ್ಲಿ ವಾಪಸ್ ತಗೊಂಡಿತು. ಸಂಗ್ರಹಿಸೋ ಅಧಿಕಾರ ಇದೆ, ಅದಕ್ಕೆಂದೇ ಒಂದು ಪ್ರತ್ಯೇಕ ನಿಯಂತ್ರಣ ಕಾನೂನಿಲ್ಲ. ಏನಾದ್ರೂ ಕಳುವಾದಾಗ ಪೊಲೀಸರು ಮೊದಲು ಯಾವ ಓಣಿಗೆ ಹೋಗ್ತಾರೆ ಅಂತ ಸೆಟ್ಲ್‌ಮೆಂಟಿನವರನ್ನ ಕೇಳಿ. ಮೊದಲು ಯಾರ ಮಾದರಿಗಳಿಂದ ಆ ಉಗ್ರಾಣ ತುಂಬುತ್ತೆ ಅನ್ನೋದು ಗೊತ್ತಾಗುತ್ತೆ. 1910ರ ಕಾರ್ಡುಗಳೂ ಹೀಗೇ ಶುರುವಾಗಿದ್ದವು: ಸುಮ್ಮನೆ ಮಾಹಿತಿ ಸಂಗ್ರಹ.

ಕೊನೆಯ ವರ್ಷಗಳು

ಶಾನನ್ 1949ರಲ್ಲಿ ಬೆಲ್ ಲ್ಯಾಬ್ಸ್‌ನ ಗಣಿತಜ್ಞೆ ಬೆಟ್ಟಿ ಮೂರ್ ಅವರನ್ನ ಮದುವೆಯಾದರು. 1950ರಲ್ಲಿ ಇಬ್ಬರೂ ಸೇರಿ ಚಕ್ರವ್ಯೂಹದೊಳಗೆ ದಾರಿ ಕಲಿಯೋ ಯಾಂತ್ರಿಕ ಇಲಿ ಕಟ್ಟಿದರು. ಒಂದೇ ಚಕ್ರದ ಸೈಕಲ್ ಏರಿ ಬೆಲ್ ಲ್ಯಾಬ್ಸ್ ಹಜಾರದಲ್ಲಿ ಸುತ್ತೋದು, ಚೆಂಡು ಎಸೆದು ಹಿಡಿಯೋ ಆಟಕ್ಕೂ ಗಣಿತ ಬರೆಯೋದು. 1956ರಲ್ಲಿ ಎಂಐಟಿಗೆ ಮರಳಿ, 1978ರ ತನಕ ಅಲ್ಲಿ ಪ್ರಾಧ್ಯಾಪಕರಾಗಿದ್ದರು. 1985ರಲ್ಲಿ ಜಪಾನಿನ ಕ್ಯೋಟೊ ಪ್ರಶಸ್ತಿ ಬಂತು. ಆಮೇಲೆ ಅಲ್ಜೈಮರ್. ಮಾಹಿತಿ ಅಂದ್ರೇನು ಅಂತ ಜಗತ್ತಿಗೆ ಹೇಳಿದವರ ತಲೆಯಿಂದ ನೆನಪುಗಳು ಒಂದೊಂದಾಗಿ ಜಾರಿಹೋದವು.

2001ರ ಫೆಬ್ರವರಿ 15 ಮತ್ತು 16ರಂದು ನೇಚರ್ ಮತ್ತು ಸೈನ್ಸ್ ಪತ್ರಿಕೆಗಳಲ್ಲಿ ಮಾನವ ಜೀನೋಮಿನ ಕರಡು ಪ್ರಕಟವಾಯಿತು. ಅರ್ಧದಷ್ಟು ಪುನರಾವರ್ತನೆ, ಪ್ರೋಟೀನ್ ಬರೆಯೋ ಭಾಗ ಒಂದೂವರೆ ಪರ್ಸೆಂಟ್ ಸುತ್ತಮುತ್ತ. ಫೆಬ್ರವರಿ 24ರಂದು ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನಲ್ಲಿ ಶಾನನ್ ತೀರಿಕೊಂಡರು. ಅವರಿಗೆ 84 ವರ್ಷ.

ಇನ್ನು ಯಾರಾದ್ರೂ ವೇದಿಕೆ ಮೇಲೆ ನಿಂತು ಒಂದು ಜಾತಿಯ, ಒಂದು ಧರ್ಮದ, ಒಂದು ಭಾಷೆಯವರ ಡಿಎನ್‌ಎ ಬಗ್ಗೆ ತೀರ್ಪು ಕೊಟ್ರೆ, ಅವರಿಗೆ ಶಾನನ್ ಓದಿ ಅಂತ ಹೇಳಬೇಕಿಲ್ಲ. ಕೃಷ್ಣಾ ದಂಡೆಯ ಎರಡು ಹೊಲ ತೋರಿಸಿದ್ರೆ ಸಾಕು. ನಮ್ಮ ಕಡೆ ವರ್ಷಗಟ್ಟಲೆ ಬೆಳೀತಿರೋ ‘ಕೋ 86032’ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯ ಕೊಡುಗೆ. ಕಬ್ಬನ್ನ ಬೀಜದಿಂದ ಹಾಕೋದಿಲ್ಲ, ಕಣ್ಣಿರೋ ತುಂಡು ನೆಡ್ತೀವಿ. ಹಾಗಾಗಿ ಈ ಹೊಲದ ಕಬ್ಬಿಗೂ ಆ ಹೊಲದ ಕಬ್ಬಿಗೂ ಡಿಎನ್‌ಎ ಒಂದೇ, ಅಕ್ಷರಕ್ಕೆ ಅಕ್ಷರ. ಆದರೆ ಒಂದು ಕಡೆ ಒಳ್ಳೆ ಎರೆ ಭೂಮಿ, ಹೊತ್ತಿಗೆ ಸರಿಯಾಗಿ ನೀರು, ಗೊಬ್ಬರ; ಇನ್ನೊಂದು ಕಡೆ ನೀರು ನಿಂತು ಸವಳು ಬಡಿದ ನೆಲ. ಒಂದರಲ್ಲಿ ಜಲ್ಲೆ ತಲೆ ಮೇಲೆ ಹೋಗಿರುತ್ತೆ, ಇನ್ನೊಂದರಲ್ಲಿ ಮೊಣಕಾಲಿಗೆ ಬಂದು ಹಳದಿಯಾಗಿರುತ್ತೆ. ಸವಳು ಹೊಲದ ಕಬ್ಬಿನ ವಂಶವೇ ಕೆಟ್ಟದ್ದು ಅಂತ ಉಗಾರದ ಯಾವ ರೈತನೂ ಹೇಳೋದಿಲ್ಲ. ಮೊದಲು ಬಸಿಗಾಲುವೆ ತೋಡ್ತಾನೆ.